ಊರು ಕಟ್ಟಿದವರನ್ನು ಮಾತಾಡಿಸುವುದು ಹೇಗೆ? ಮೈಸೂರನ್ನು ಮುಂದಿಟ್ಟುಕೊಂಡು ಒಂದು ಸಮಗ್ರ ಮಾರ್ಗದರ್ಶಿ

ಊರಿನ ಗಣ್ಯರ ಸಂದರ್ಶನಗಳು ಬಹುಪಾಲು ಒಂದೇ ಥರ ಇರುತ್ತವೆ. ಬಾಲ್ಯ, ಕಷ್ಟ, ಸಾಧನೆ, ಸನ್ಮಾನ, ಕೊನೆಗೆ ಯುವಕರಿಗೆ ಕಿವಿಮಾತು. ಓದಿ ಮುಗಿಸಿದಾಗ ಆ ಮನುಷ್ಯ ಒಳ್ಳೆಯವರು ಅಂತ ಗೊತ್ತಾಗುತ್ತದೆ. ಆದರೆ ಅವರ ಕೆಲಸದಿಂದ ಊರಿನ ಯಾವ ಬೀದಿ, ಯಾವ ನಲ್ಲಿ, ಯಾವ ಶಾಲೆ ಬದಲಾಯಿತು ಅಂತ ಗೊತ್ತಾಗುವುದಿಲ್ಲ. ಸಂಸ್ಥೆಗಳ ವಿಷಯದಲ್ಲಂತೂ ಇನ್ನೂ ಕಷ್ಟ. ಅವರ ಕೈಪಿಡಿಯಲ್ಲಿ ಇರುವುದೇ ನಮ್ಮ ಬರಹದಲ್ಲೂ ಬಂದು ಕೂರುತ್ತದೆ.

ಇಲ್ಲಿ ಹೇಳುತ್ತಿರುವ ವಿಧಾನ ಬೇರೆ. ಮೈಸೂರನ್ನು ಉದಾಹರಣೆಗೆ ತೆಗೆದುಕೊಂಡಿದ್ದೇನೆ. ಧಾರವಾಡ, ಮಂಗಳೂರು, ದಾವಣಗೆರೆ, ನಿಮ್ಮದು ಯಾವುದೇ ಊರಾದರೂ ಕೆಲಸದ ರೀತಿ ಇದೇ.

ಮೊದಲು ಒಂದು ನಿರ್ಧಾರವನ್ನು ಹಿಡಿಯಿರಿ

ಸಾಮಾನ್ಯವಾಗಿ ನಾವು ಮೊದಲು ಹೆಸರುಗಳ ಪಟ್ಟಿ ಮಾಡುತ್ತೇವೆ. ಮಾಜಿ ಮೇಯರ್, ಹಿರಿಯ ವೈದ್ಯರು, ರಂಗಕರ್ಮಿ, ಕುಲಪತಿ. ಆ ಪಟ್ಟಿಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಊರಿನಲ್ಲಿ ಆಗಿರುವ ಒಂದು ನಿರ್ಧಾರವನ್ನು ಆರಿಸಿಕೊಳ್ಳಿ. ಯಾರೋ ಎಲ್ಲೋ ಕೂತು 'ಹೀಗೇ ಆಗಲಿ' ಅಂದದ್ದು, ಅಥವಾ ಅನ್ನಬೇಕಾಗಿದ್ದು ಅನ್ನದೇ ಬಿಟ್ಟದ್ದು.

ಮೈಸೂರಿನಲ್ಲಿ ನನಗೆ ಮೊದಲು ಕಾಣುವುದು ದೇವರಾಜ ಮಾರುಕಟ್ಟೆ. ಚಾಮರಾಜೇಂದ್ರ ಒಡೆಯರ ಕಾಲದ ಕಟ್ಟಡ. 2016ರ ಆಗಸ್ಟ್‌ನಲ್ಲಿ ಅದರ ಒಂದು ಭಾಗ ಕುಸಿಯಿತು. ಅದಕ್ಕೂ ನಾಲ್ಕು ವರ್ಷ ಮುಂಚೆ, 2012ರಲ್ಲಿ, ಹತ್ತಿರದಲ್ಲೇ ಇರುವ ಲ್ಯಾನ್ಸ್‌ಡೌನ್ ಕಟ್ಟಡ ಕುಸಿದು ನಾಲ್ವರು ಸತ್ತಿದ್ದರು. ಆಮೇಲೆ ಎರಡು ಬಣ ಆಯಿತು. ಕೆಡವಿ ಅದೇ ಮಾದರಿಯಲ್ಲಿ ಹೊಸದಾಗಿ ಕಟ್ಟಿ ಅಂತ ಒಂದು ಕಡೆ, ಸರಿಪಡಿಸಿ ಉಳಿಸಿಕೊಳ್ಳಿ ಅಂತ ಇನ್ನೊಂದು ಕಡೆ. ತಜ್ಞರಲ್ಲೂ ಒಮ್ಮತ ಇರಲಿಲ್ಲ. ವಿಷಯ ಹೈಕೋರ್ಟ್‌ವರೆಗೂ ಹೋಯಿತು. ಈ ಒಂದು ಪ್ರಶ್ನೆಯನ್ನು ಹಿಡಿದರೆ ಪಾಲಿಕೆ, ಪುರಾತತ್ವ ಇಲಾಖೆ, ಇಂಜಿನಿಯರುಗಳು, ವಕೀಲರು, ಹೂವಿನ ವ್ಯಾಪಾರಿ, ಬಾಳೆಹಣ್ಣಿನ ಸಾಲಿನವರು ಎಲ್ಲರೂ ತಾವಾಗಿಯೇ ನಿಮ್ಮ ಪಟ್ಟಿಗೆ ಬರುತ್ತಾರೆ. ಪ್ರತಿಯೊಬ್ಬರಿಗೂ ಹೇಳಲು ಏನಾದರೂ ಇದ್ದೇ ಇರುತ್ತದೆ.

ಹಳೆಯ ನಿರ್ಧಾರವೂ ಆಗಬಹುದು. 1890ರ ದಶಕದ ಕೊನೆಯಲ್ಲಿ ಮೈಸೂರಿಗೆ ಪ್ಲೇಗ್ ಬಂತು. ಅದರ ಬೆನ್ನಲ್ಲೇ, ಊರನ್ನು ಚೊಕ್ಕವಾಗಿ ಬೆಳೆಸುವುದಕ್ಕೆ ಅಂತ 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಹುಟ್ಟಿತು. ದೇಶದಲ್ಲೇ ಇಂಥ ಮೊದಲ ಸಂಸ್ಥೆಗಳಲ್ಲಿ ಅದೂ ಒಂದು. ಹಳೆಯ ಬಡಾವಣೆಗಳ ಅಗಲ ರಸ್ತೆ, ಮನೆಗಳ ಹಿಂದಿನ ಕನ್ಸರ್ವೆನ್ಸಿ ಗಲ್ಲಿ (ಕಸ, ಮಲ ಸಾಗಿಸಲು ಬಿಟ್ಟ ಕಿರುದಾರಿ), ಇವೆಲ್ಲ ಆ ಕಾಲದ ಆಲೋಚನೆಯ ಗುರುತು. ಆಗ ಇದ್ದವರು ಈಗ ಯಾರೂ ಸಿಗುವುದಿಲ್ಲ, ನಿಜ. ಆದರೆ ಆ ಗಲ್ಲಿ ಈಗ ಯಾರ ವಶದಲ್ಲಿದೆ, ಕಾರು ನಿಲ್ಲಿಸುವ ಜಾಗ ಆಗಿದ್ದು ಯಾವಾಗ ಅಂತ ಹೇಳುವವರು ಬೀದಿಗೊಬ್ಬರು ಇದ್ದಾರೆ.

ಮುಚ್ಚಿಹೋದ ಸಂಸ್ಥೆಗಳನ್ನೂ ಮರೆಯಬೇಡಿ. ಯಾದವಗಿರಿಯ ಐಡಿಯಲ್ ಜಾವಾ ಬೈಕ್ ಕಾರ್ಖಾನೆ 1996ರಲ್ಲಿ ನಿಂತುಹೋಯಿತು. ಕಾರ್ಖಾನೆ ಇಲ್ಲದಿದ್ದರೂ ಅಲ್ಲಿ ದುಡಿದವರು ಇದ್ದಾರೆ. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನ ಅಂತ ಬೈಕ್ ಪ್ರಿಯರು ಸೇರುತ್ತಾರಲ್ಲ, ಅಲ್ಲಿ ಹೋಗಿ ವಿಚಾರಿಸಿದರೆ ಹಳೆಯ ಕಾರ್ಮಿಕರ ಸುಳಿವು ಸಿಗುವ ಸಾಧ್ಯತೆ ಜಾಸ್ತಿ.

ಯಾರನ್ನು ಕೇಳಬೇಕು

ಒಂದು ನಿರ್ಧಾರಕ್ಕೆ ಕಡೇಪಕ್ಷ ನಾಲ್ಕು ಥರದ ಜನರನ್ನು ಹುಡುಕಿ. ತೀರ್ಮಾನ ಮಾಡಿದವರು. ಅದನ್ನು ಕೈಯಾರೆ ಜಾರಿ ಮಾಡಿದವರು. ಬೇಡ ಅಂದವರು. ಅದರಿಂದ ಲಾಭವನ್ನೋ ನಷ್ಟವನ್ನೋ ಕಂಡವರು. ಮೊದಲನೆಯ ಗುಂಪಿನವರ ಹೆಸರು ಪತ್ರಿಕೆಗಳಲ್ಲಿ ಸಿಗುತ್ತದೆ. ಉಳಿದ ಮೂರು ಗುಂಪಿನವರನ್ನು ಹುಡುಕುವುದೇ ನಿಮ್ಮ ಕೆಲಸದ ಅರ್ಧ ಭಾಗ.

ಎರಡನೆಯ ಗುಂಪಿನ ಬಗ್ಗೆ ಸ್ವಲ್ಪ ಹೇಳಬೇಕು. ಆಯುಕ್ತರು ಬರುತ್ತಾರೆ, ಹೋಗುತ್ತಾರೆ. ವರ್ಗಾವಣೆ ಆದ ಮೇಲೆ ಆ ಊರಿನ ಕಡತ ಅವರ ನೆನಪಿನಲ್ಲಿ ಉಳಿಯುವುದು ಅಷ್ಟಕ್ಕಷ್ಟೇ. ಆದರೆ ಒಬ್ಬ ವಿಷಯ ನಿರ್ವಾಹಕ, ಅಂದರೆ ಕೇಸ್ ವರ್ಕರ್, ಒಂದೇ ಶಾಖೆಯಲ್ಲಿ ವರ್ಷಗಟ್ಟಲೆ ಕೂತಿರುತ್ತಾನೆ. ನೀರು ಸರಬರಾಜಿನ ವಾಲ್ವ್‌ಮ್ಯಾನ್‌ಗೆ ಯಾವ ಪೈಪು ಎಲ್ಲಿ ತಿರುಗುತ್ತದೆ ಅಂತ ನಕ್ಷೆ ನೋಡದೆಯೇ ಗೊತ್ತು. ಪೌರಕಾರ್ಮಿಕರ ಮೇಸ್ತ್ರಿಗೆ ಯಾವ ಬೀದಿಯವರು ಕಸ ಬೇರೆ ಮಾಡಿ ಕೊಡುತ್ತಾರೆ, ಯಾರು ಕೊಡುವುದಿಲ್ಲ ಅಂತ ಗೊತ್ತು. 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ಮೈಸೂರು ಮೊದಲ ಸ್ಥಾನ ಪಡೆದಾಗ ಫೋಟೋದಲ್ಲಿ ನಿಂತವರು ಬೇರೆ, ಬೆಳಗಿನ ಜಾವ ಪೊರಕೆ ಹಿಡಿದವರು ಬೇರೆ. ಇಬ್ಬರನ್ನೂ ಕೇಳಿ. ಎರಡನೆಯವರನ್ನು ಮೊದಲು ಕೇಳಿದರೆ ಮೊದಲನೆಯವರಿಗೆ ಕೇಳುವ ಪ್ರಶ್ನೆ ಚುರುಕಾಗುತ್ತದೆ.

ನಿವೃತ್ತರು ಚಿನ್ನದಂಥ ಮೂಲ. ಕೆಲಸದಲ್ಲಿ ಇರುವವರಿಗೆ ಮೇಲಿನವರ ಭಯ. ನಿವೃತ್ತರಿಗೆ ಸಮಯ ಇದೆ, ಒಂದಿಷ್ಟು ಅಸಮಾಧಾನವೂ ಇರುತ್ತದೆ. ಆ ಅಸಮಾಧಾನವನ್ನು ಲೆಕ್ಕದಲ್ಲಿ ಇಟ್ಟುಕೊಂಡೇ ಅವರ ಮಾತು ಕೇಳಬೇಕು, ಅಷ್ಟೇ.

ಹೋಗುವ ಮುಂಚೆ ಓದಿಕೊಳ್ಳಿ

ಗೊತ್ತಿರುವುದನ್ನೇ ಕೇಳಿ ದೊಡ್ಡವರ ಸಮಯ ಹಾಳು ಮಾಡಬಾರದು. ಮೂರು ಕಡೆ ನೋಡಿ. ಒಂದು, ಸ್ಥಳೀಯ ಪತ್ರಿಕೆಗಳ ಹಳೆಯ ಸಂಚಿಕೆಗಳು. ಮೈಸೂರಿನಲ್ಲಿ ಇದಕ್ಕೆ ಕೊರತೆ ಇಲ್ಲ. ಆಂದೋಲನ, ಮೈಸೂರು ಮಿತ್ರ, ಸ್ಟಾರ್ ಆಫ್ ಮೈಸೂರು ದಶಕಗಳಿಂದ ಬರುತ್ತಿವೆ. ಎರಡು, ಸರ್ಕಾರಿ ದಾಖಲೆ. ಗ್ಯಾಸೆಟಿಯರ್, ಪಾಲಿಕೆಯ ಸಾಮಾನ್ಯ ಸಭೆಯ ನಡಾವಳಿ, ಬಜೆಟ್ ಪುಸ್ತಕ, ಪತ್ರಾಗಾರ. ಮೂರು, ಆ ಸಂಸ್ಥೆಯದೇ ವಾರ್ಷಿಕ ವರದಿ. ವಾರ್ಷಿಕ ವರದಿಯಲ್ಲಿ ಹೊಗಳಿಕೆಯ ಪುಟಗಳನ್ನು ದಾಟಿ ನೇರವಾಗಿ ಲೆಕ್ಕಪತ್ರಕ್ಕೆ ಹೋಗಿ.

ಓದುತ್ತಾ ಒಂದು ಕಾಲರೇಖೆ ಬರೆದುಕೊಳ್ಳಿ. ಇದು ಯಾಕೆ ಮುಖ್ಯ ಅಂದರೆ, ನಮ್ಮಲ್ಲಿ ಊರಿನ ಒಳ್ಳೆಯದನ್ನೆಲ್ಲ ಒಬ್ಬಿಬ್ಬರ ಹೆಸರಿಗೆ ಬರೆದುಬಿಡುವ ಅಭ್ಯಾಸ ಇದೆ. ಮೈಸೂರಿನಲ್ಲಿ ಏನು ಕೇಳಿದರೂ 'ನಾಲ್ವಡಿಯವರು ಮಾಡಿಸಿದ್ದು', 'ವಿಶ್ವೇಶ್ವರಯ್ಯನವರ ಕಾಲದ್ದು' ಅನ್ನುತ್ತಾರೆ. ಇಬ್ಬರ ಕೊಡುಗೆಯೂ ದೊಡ್ಡದೇ. ಆದರೆ ಇಸವಿ ನೋಡಿ. ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಪೂರ್ಣ ಅಧಿಕಾರ ಬಂದದ್ದು 1902ರಲ್ಲಿ. 1897ರ ಬೆಂಕಿಯ ನಂತರ ಹೊಸ ಅರಮನೆಯ ಕೆಲಸ ಶುರುವಾದಾಗ ರಾಜ್ಯ ನಡೆಸುತ್ತಿದ್ದವರು ಅವರ ತಾಯಿ, ವಾಣಿವಿಲಾಸ ಸನ್ನಿಧಾನ. ಅದೇ ರೀತಿ ವಿಶ್ವೇಶ್ವರಯ್ಯನವರು ದಿವಾನರಾಗಿದ್ದು 1912ರಿಂದ 1918ರವರೆಗೆ. 1916ರ ಮೈಸೂರು ವಿಶ್ವವಿದ್ಯಾನಿಲಯ ಆ ಅವಧಿಯದು. 1903ರ ಟ್ರಸ್ಟ್ ಬೋರ್ಡ್ ಅಲ್ಲ. ಇಷ್ಟು ತಲೆಯಲ್ಲಿದ್ದರೆ ಎದುರಿಗಿರುವವರು ಹೇಳುವುದರಲ್ಲಿ ನೆನಪು ಯಾವುದು, ಕೇಳಿದ ಕಥೆ ಯಾವುದು ಅಂತ ಅಲ್ಲೇ ಬೇರೆ ಮಾಡಿಕೊಳ್ಳಬಹುದು.

ಭೇಟಿಗೆ ಸಮಯ ಕೇಳುವುದು

ಒಂದು ಪುಟದ ಪತ್ರ ಸಾಕು. ನೀವು ಯಾರು, ಯಾವ ವಿಷಯ, ಎಷ್ಟು ಹೊತ್ತು ಬೇಕು, ಎಲ್ಲಿ ಪ್ರಕಟಿಸುತ್ತೀರಿ, ಧ್ವನಿ ಮುದ್ರಿಸುತ್ತೀರಾ. ಐದು ಪ್ರಶ್ನೆ ಮಾದರಿಗೆ ಕೊಡಿ, ಪೂರ್ತಿ ಪಟ್ಟಿ ಕೊಡಬೇಡಿ. ಪೂರ್ತಿ ಪಟ್ಟಿ ಕೊಟ್ಟರೆ ಕೆಳಗಿನವರು ಯಾರೋ ಬರೆದ ಉತ್ತರವನ್ನು ಅವರು ಓದಿ ಹೇಳುತ್ತಾರೆ. ಸರ್ಕಾರಿ ಕಚೇರಿ ಆದರೆ ಟಪಾಲು ಶಾಖೆಯಲ್ಲಿ ಪತ್ರ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಆಮೇಲೆ ಆಪ್ತ ಸಹಾಯಕರ ಜೊತೆ ಗೌರವದಿಂದ ಮಾತಾಡಿ. ಸಮಯ ಕೊಡುವವರು ನಿಜಕ್ಕೂ ಅವರೇ.

ಕಾಲ ನೋಡಿ ಹೋಗಿ. ಮೈಸೂರಿನಲ್ಲಿ ದಸರಾಕ್ಕೆ ಮುಂಚಿನ ಒಂದೆರಡು ತಿಂಗಳು ಯಾವ ಅಧಿಕಾರಿಯೂ ಸಿಗುವುದಿಲ್ಲ. ಮಾರ್ಚ್‌ನಲ್ಲಿ ಬಿಲ್ಲುಗಳ ಗಲಾಟೆ. ಚುನಾವಣಾ ನೀತಿ ಸಂಹಿತೆ ಜಾರಿಯಲ್ಲಿದ್ದಾಗ ಯಾರೂ ಬಾಯಿ ಬಿಡುವುದಿಲ್ಲ. ವ್ಯಾಪಾರಿಗಳನ್ನು ಹಬ್ಬದ ಹಿಂದಿನ ದಿನ ಮಾತಾಡಿಸಲು ಹೋಗಬೇಡಿ. ಮಧ್ಯಾಹ್ನ ಗಿರಾಕಿ ಕಡಿಮೆ ಇರುವಾಗ ಹೋಗಿ, ಅರ್ಧ ಕೆ.ಜಿ. ಏನಾದರೂ ಕೊಂಡು ಮಾತು ಶುರು ಮಾಡಿ. ಅಂಗಡಿ ಮುಂದೆ ಸುಮ್ನೆ ನಿಂತು ಮೈಕ್ ಚಾಚಿದರೆ ಯಾರಿಗೆ ಇಷ್ಟ ಆಗುತ್ತದೆ?

ಹೇಗೆ ಕರೆಯಬೇಕು ಅನ್ನುವುದೂ ಮುಖ್ಯ. ಕಚೇರಿಯಲ್ಲಿ ಸರ್, ಮೇಡಂ ನಡೆಯುತ್ತದೆ. ಮಾರುಕಟ್ಟೆಯಲ್ಲಿ ಅಣ್ಣ, ಅಮ್ಮ, ಯಜಮಾನ್ರೇ. ಪೌರಕಾರ್ಮಿಕ ಮಹಿಳೆಯನ್ನು ಏಕವಚನದಲ್ಲಿ ಮಾತಾಡಿಸಿ, ಪಕ್ಕದ ಅಧಿಕಾರಿಗೆ ಬಹುವಚನ ಬಳಸಿದರೆ ಅವರು ಅದನ್ನು ಗಮನಿಸುತ್ತಾರೆ. ಆಮೇಲೆ 'ಏನಿಲ್ಲ ಸ್ವಾಮಿ, ಎಲ್ಲಾ ಚೆನ್ನಾಗಿದೆ' ಅನ್ನುವುದನ್ನು ಬಿಟ್ಟು ಬೇರೇನೂ ಹೇಳುವುದಿಲ್ಲ.

ಪ್ರಶ್ನೆಗಳು

ಇಡೀ ಕೆಲಸ ನಿಂತಿರುವುದು ಇಲ್ಲಿ. ಕೆಟ್ಟ ಪ್ರಶ್ನೆಗೆ ಭಾಷಣ ಬರುತ್ತದೆ, ಒಳ್ಳೆಯ ಪ್ರಶ್ನೆಗೆ ಘಟನೆ ಬರುತ್ತದೆ.

'ಮಾರುಕಟ್ಟೆಯ ಬಗ್ಗೆ ನಿಮ್ಮ ಅಭಿಪ್ರಾಯವೇನು?' ಅಂದರೆ ಭಾಷಣ. 'ಗೋಡೆ ಬಿದ್ದಾಗ ನೀವು ಎಲ್ಲಿದ್ದಿರಿ? ಮಾರನೇ ದಿನ ಅಂಗಡಿ ಎಲ್ಲಿ ಹಾಕಿದಿರಿ? ಮಾಲು ಏನಾಯಿತು?' ಅಂದರೆ ಘಟನೆ. 'ಪರಂಪರೆ ಉಳಿಯಬೇಕಾ?' ಅಂದರೆ ಎಲ್ಲರೂ ಹೌದು ಅನ್ನುತ್ತಾರೆ. 'ಈ ಕಟ್ಟಡದ ರಿಪೇರಿಗೆ ಕೊನೆಯ ಸಲ ದುಡ್ಡು ಇಟ್ಟಿದ್ದು ಯಾವ ವರ್ಷ, ಖರ್ಚಾಗಿದ್ದು ಎಷ್ಟು?' ಅಂತ ಕೇಳಿ. ಆಗ ಅವರು ಕಡತ ತರಿಸಬೇಕಾಗುತ್ತದೆ.

ತೀರ್ಮಾನ ಮಾಡಿದವರಿಗೆ ನಾನು ತಪ್ಪದೆ ಕೇಳಬೇಕು ಅನ್ನುವ ಪ್ರಶ್ನೆಗಳು ಇವು:

- ಈ ವಿಷಯ ನಿಮ್ಮ ಮುಂದೆ ಮೊದಲ ಸಲ ಬಂದದ್ದು ಹೇಗೆ? ಯಾರು ತಂದರು?
- ಬೇರೆ ಯಾವ ದಾರಿಗಳ ಬಗ್ಗೆ ಚರ್ಚೆ ಆಗಿತ್ತು? ಅವನ್ನು ಯಾಕೆ ಬಿಟ್ಟಿರಿ?
- ಸಭೆಯಲ್ಲಿ ಬೇಡ ಅಂದವರು ಯಾರು? ಅವರ ವಾದ ಏನಿತ್ತು?
- ದುಡ್ಡು ಯಾವ ಲೆಕ್ಕದಿಂದ ಬಂತು?
- ನೀವು ಅಂದುಕೊಂಡ ಹಾಗೆ ಆಗದೇ ಹೋದದ್ದು ಯಾವುದು?

ಮೂರನೆಯದು ಎಲ್ಲಕ್ಕಿಂತ ಮುಖ್ಯ. ವಿರೋಧಿಯ ವಾದವನ್ನು ನ್ಯಾಯವಾಗಿ ಹೇಳಬಲ್ಲವರು ವಿಷಯವನ್ನು ನಿಜವಾಗಿ ಯೋಚಿಸಿರುತ್ತಾರೆ. 'ಅವರಿಗೆ ಅಭಿವೃದ್ಧಿ ಬೇಕಾಗಿಲ್ಲ ಬಿಡಿ' ಅಂದುಬಿಟ್ಟರೆ, ಅಲ್ಲಿ ಇನ್ನೂ ಅಗೆಯಬೇಕು ಅಂತ ಅರ್ಥ.

ಅಧಿಕಾರಿಗಳ ಮಾತಿನಲ್ಲಿ ಒಂದು ಗಮನಿಸಿ. 'ತೀರ್ಮಾನಿಸಲಾಯಿತು', 'ಕ್ರಮ ಕೈಗೊಳ್ಳಲಾಗಿದೆ', 'ಸೂಚಿಸಲಾಗಿತ್ತು' ಅಂತಲೇ ಹೇಳುತ್ತಿರುತ್ತಾರೆ. ಕೆಲಸ ಆಗಿದೆ, ಮಾಡಿದವರು ಇಲ್ಲ. ಪ್ರತಿ ಸಲವೂ ಮೆಲ್ಲಗೆ ಕೇಳಿ: 'ಯಾರು ಸರ್, ಸಮಿತಿಯಾ? ಸಮಿತಿಯಲ್ಲಿ ಯಾರ್ಯಾರು ಇದ್ದರು?' ಜಗಳದ ದನಿ ಬೇಡ. ಅರ್ಥವಾಗದವರ ಹಾಗೆ ಕೇಳಿದರೆ ಸಾಕು.

ಕೆಲವು ಸಂಸ್ಥೆಗಳಲ್ಲಿ ಹೇಳಲಾಗದ ವಿಷಯ ಇರುತ್ತದೆ. ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಂಪನಿ 1937ರಲ್ಲಿ ಶುರುವಾದದ್ದು. 1962ರ ಚುನಾವಣೆಯಿಂದ ಮತದಾರರ ಬೆರಳಿಗೆ ಹಾಕುವ ಅಳಿಸಲಾಗದ ಶಾಯಿ ಅಲ್ಲಿಂದಲೇ ಹೋಗುತ್ತಿದೆ. ಶಾಯಿಯ ಸೂತ್ರ ಗುಟ್ಟು. ಅದನ್ನು ಕೆದಕುತ್ತಾ ಕೂತರೆ ಹೊತ್ತು ಹೋಗುತ್ತದೆ, ಉತ್ತರ ಬರುವುದಿಲ್ಲ. ಬದಲಿಗೆ ಹೀಗೆ ಕೇಳಿ: ಲೋಕಸಭಾ ಚುನಾವಣೆ ಘೋಷಣೆಯಾದರೆ ಇಲ್ಲಿ ಪಾಳಿ ಹೇಗೆ ಬದಲಾಗುತ್ತದೆ? ಚುನಾವಣೆ ಇಲ್ಲದ ವರ್ಷ ಕೆಲಸಗಾರರು ಏನು ಮಾಡುತ್ತಾರೆ? ಬಾಟಲಿ ತುಂಬುವವರು ಯಾವ ಬಡಾವಣೆಯಿಂದ ಬರುತ್ತಾರೆ? ಊರಿಗೂ ಕಾರ್ಖಾನೆಗೂ ಇರುವ ನಂಟು ಈ ಪ್ರಶ್ನೆಗಳಲ್ಲಿ ಕಾಣುತ್ತದೆ.

ವಿವಾದದ ನೆರಳು ಇರುವ ಕಡೆಯೂ ಇದೇ ಉಪಾಯ. ಮುಡಾ (ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ) ಅಂದರೆ ಈಗ ಎಲ್ಲರಿಗೂ 2024ರ ನಿವೇಶನ ಹಂಚಿಕೆ ವಿವಾದವೇ ನೆನಪಾಗುತ್ತದೆ. ಮೊದಲ ಪ್ರಶ್ನೆಯೇ ಅದಾದರೆ ಮಾತು ಅಲ್ಲಿಗೆ ಮುಗಿಯಿತು. ಒಂದು ಬಡಾವಣೆ ಹುಟ್ಟುವುದು ಹೇಗೆ, ಅಧಿಸೂಚನೆಯಿಂದ ಹಕ್ಕುಪತ್ರದವರೆಗೆ ಏನೇನು ನಡೆಯುತ್ತದೆ, ಪಾರ್ಕಿಗೆ ಬಿಟ್ಟ ಜಾಗವನ್ನು ಪಾಲಿಕೆಗೆ ಯಾವಾಗ ಒಪ್ಪಿಸುತ್ತಾರೆ ಅಂತ ಶುರು ಮಾಡಿ. ಕಷ್ಟದ ಪ್ರಶ್ನೆಯನ್ನು ಮುಕ್ಕಾಲು ಹೊತ್ತು ಕಳೆದ ಮೇಲೆ ಕೇಳಿ. ಆದರೆ ಕೇಳದೇ ಮಾತ್ರ ಬರಬೇಡಿ. ಕೇಳಲಿಲ್ಲ ಅಂದರೆ ನಿಮ್ಮ ಬರಹ ಆ ಸಂಸ್ಥೆಯ ಕರಪತ್ರ ಆಗುತ್ತದೆ.

ಇನ್ನೊಂದು. ಉತ್ತರ ಮುಗಿಯಿತು ಅನಿಸಿದಾಗ ತಕ್ಷಣ ಮುಂದಿನ ಪ್ರಶ್ನೆಗೆ ಹಾರಬೇಡಿ. ನೋಟ್‌ಬುಕ್‌ನಲ್ಲಿ ಏನೋ ಬರೆಯುತ್ತಾ ಸುಮ್ಮನಿರಿ. 'ಇನ್ನೊಂದ್ ವಿಷ್ಯ ಹೇಳ್ಬೇಕು…' ಅಂತ ಶುರುವಾಗುವ ಮಾತು ಬರುವುದು ಆ ಬಿಡುವಿನಲ್ಲೇ.

ಸಂಸ್ಥೆ ಮಾತಾಡದಿದ್ದರೆ

ಪತ್ರಕ್ಕೆ ಉತ್ತರ ಇಲ್ಲ, ಫೋನ್ ಎತ್ತುವುದಿಲ್ಲ. ಆಗ ಮಾಹಿತಿ ಹಕ್ಕು ಕಾಯ್ದೆ ಇದೆ. ಕರ್ನಾಟಕದ ನಿಯಮದ ಪ್ರಕಾರ ನಮೂನೆ 'ಎ'ಯಲ್ಲಿ ಅರ್ಜಿ, 10 ರೂಪಾಯಿ ಶುಲ್ಕ, ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು. 30 ದಿನದೊಳಗೆ ಉತ್ತರ ಕೊಡಬೇಕು. ಕೊಡದಿದ್ದರೆ ಮೊದಲ ಮೇಲ್ಮನವಿ.

ಇಲ್ಲಿ 'ಯಾಕೆ' ಅಂತ ಕೇಳಬೇಡಿ. 'ಯಾಕೆ ರಿಪೇರಿ ಮಾಡಲಿಲ್ಲ?' ಅಂದರೆ 'ಪ್ರಶ್ನಾರ್ಥಕ ರೂಪದಲ್ಲಿದೆ' ಅಂತ ಅರ್ಜಿ ವಾಪಸ್ ಬರುವ ಸಾಧ್ಯತೆಯೇ ಹೆಚ್ಚು. ಇರುವ ದಾಖಲೆಯನ್ನು ಹೆಸರಿಟ್ಟು ಕೇಳಿ: ಇಂಥ ವರ್ಷದಿಂದ ಇಂಥ ವರ್ಷದವರೆಗೆ, ಇಂಥ ಕಟ್ಟಡದ ದುರಸ್ತಿಗೆ ಸಂಬಂಧಿಸಿದ ಕಡತದ ಟಿಪ್ಪಣಿ ಹಾಳೆಗಳ ದೃಢೀಕೃತ ನಕಲು. ಟಿಪ್ಪಣಿ ಹಾಳೆ ಅನ್ನುವುದು ನೆನಪಿರಲಿ. ಅಂತಿಮ ಆದೇಶದಲ್ಲಿ ಏನೂ ಇರುವುದಿಲ್ಲ. ಕೆಳಗಿನ ನೌಕರ ಏನು ಬರೆದ, ಮೇಲಿನವರು ಎಲ್ಲಿ 'ಚರ್ಚಿಸಿ' ಅಂತ ಷರಾ ಹಾಕಿ ವಾಪಸ್ ಕಳಿಸಿದರು, ಕಡತ ಯಾರ ಟೇಬಲ್ ಮೇಲೆ ಎಷ್ಟು ತಿಂಗಳು ಮಲಗಿತ್ತು, ಎಲ್ಲ ಇರುವುದು ಟಿಪ್ಪಣಿಯಲ್ಲಿ. ಆ ಹಾಳೆಗಳನ್ನು ಹಿಡಿದುಕೊಂಡು ಹೋದರೆ ಮುಚ್ಚಿದ್ದ ಎಷ್ಟೋ ಬಾಯಿಗಳು ತೆರೆದುಕೊಳ್ಳುತ್ತವೆ.

ಧ್ವನಿ ಮುದ್ರಣ, ಒಪ್ಪಿಗೆ

ಫೋನ್ ಸಾಕು. ಏರೋಪ್ಲೇನ್ ಮೋಡ್‌ಗೆ ಹಾಕಿ, ಇಲ್ಲವಾದರೆ ಒಳ್ಳೆಯ ಮಾತಿನ ನಡುವೆ ಯಾವುದೋ ಸಾಲದ ಕಂಪನಿಯ ಕರೆ ಬರುತ್ತದೆ. ಫ್ಯಾನ್ ಕೆಳಗೆ ಕೂರಬೇಡಿ. ಕಾಲರ್‌ಗೆ ಸಿಕ್ಕಿಸುವ ಸಣ್ಣ ಮೈಕ್ ಇದ್ದರೆ ಮಾರುಕಟ್ಟೆಯ ಗದ್ದಲದಲ್ಲೂ ಕೆಲಸ ಆಗುತ್ತದೆ. ಅದೇ ದಿನ ಎರಡು ಕಡೆ ನಕಲು ಇಟ್ಟುಕೊಳ್ಳಿ.

ಒಪ್ಪಿಗೆಯನ್ನು ಮುದ್ರಣದಲ್ಲೇ ಹೇಳಿಸಿ: ಹೆಸರು, ತಾರೀಕು, ಏತಕ್ಕೆ ಬಳಸುತ್ತೇವೆ. 'ಇದು ಆಫ್ ದಿ ರೆಕಾರ್ಡ್' ಅಂದರೆ ತಕ್ಷಣ ರೆಕಾರ್ಡಿಂಗ್ ನಿಲ್ಲಿಸಿ, ನಿಲ್ಲಿಸಿದ್ದು ಅವರಿಗೆ ಕಾಣಲಿ. ಅದರ ಅರ್ಥ ಏನು ಅಂತಲೂ ಅಲ್ಲೇ ಕೇಳಿಕೊಳ್ಳಿ. ಬಳಸಲೇಬಾರದಾ, ಅಥವಾ ಹೆಸರು ಹಾಕದೆ ಬಳಸಬಹುದಾ? ಗುತ್ತಿಗೆ ನೌಕರರ ವಿಷಯದಲ್ಲಿ ಅವರು ಒಪ್ಪಿದರೂ ನೀವೇ ಒಂದು ಸಲ ಯೋಚಿಸಿ. ವಾರ್ಡ್ ನಂಬರ್, ಕೆಲಸದ ಹೊತ್ತು, ಊರು, ಇಷ್ಟು ಬರೆದರೆ ಹೆಸರಿಲ್ಲದಿದ್ದರೂ ಗುರುತು ಸಿಕ್ಕೇ ಸಿಗುತ್ತದೆ.

ತಾಳೆ ನೋಡುವುದು

ವಯಸ್ಸಾದವರಿಗೆ ಘಟನೆ ಚೆನ್ನಾಗಿ ನೆನಪಿರುತ್ತದೆ, ಇಸವಿ ಕೈಕೊಡುತ್ತದೆ. 'ಯಾವ ವರ್ಷ?' ಅಂತ ಒತ್ತಾಯ ಮಾಡಬೇಡಿ. ಎಲ್ಲರಿಗೂ ನೆನಪಿರುವ ಘಟನೆಗೆ ಕಟ್ಟಿ ಕೇಳಿ. ಎಮರ್ಜೆನ್ಸಿಗೆ ಮುಂಚೆನಾ, ಆಮೇಲಾ? ಇಂದಿರಾ ಗಾಂಧಿ ತೀರಿಹೋದಾಗ ಈ ಕಟ್ಟಡ ಇತ್ತಾ? ರಾಜ್‌ಕುಮಾರ್ ಅವರ ಅಪಹರಣ ಆದ ವರ್ಷ ನೀವು ಯಾವ ಶಾಖೆಯಲ್ಲಿ ಇದ್ದಿರಿ? 1975, 1984, 2000. ಮೂರೂ ಗಟ್ಟಿ ಗೂಟಗಳು. ಅವುಗಳ ನಡುವೆ ಬೇಕಾದ ವರ್ಷವನ್ನು ಹುಡುಕಬಹುದು.

ಇಬ್ಬರು ಒಂದೇ ಘಟನೆಯನ್ನು ಬೇರೆ ಬೇರೆ ರೀತಿ ಹೇಳಿದರೆ ಗಾಬರಿ ಬೇಡ. ದಾಖಲೆ ಒಂದು ಕಡೆ ವಾಲಿದರೆ ಹಾಗೇ ಬರೆಯಿರಿ. ವಾಲದಿದ್ದರೆ ಎರಡನ್ನೂ ಪಕ್ಕಪಕ್ಕ ಇಡಿ. ನೀವೇ ನ್ಯಾಯಾಧೀಶರಾಗಿ ಸರಾಸರಿ ತೆಗೆಯಬೇಡಿ. ಯಾರ ಮೇಲಾದರೂ ಆರೋಪ ಬಂದರೆ ಅವರ ಉತ್ತರ ಕೇಳದೆ ಪ್ರಕಟಿಸುವಂತಿಲ್ಲ. ಲಿಖಿತವಾಗಿ ಕೇಳಿ, ದಿನ ಗೊತ್ತುಮಾಡಿ, ಉತ್ತರ ಬರಲಿಲ್ಲ ಅಂದರೆ ಬರಲಿಲ್ಲ ಅಂತ ಬರೆಯಿರಿ.

ಬರೆಯುವಾಗ

ಪೂರ್ತಿ ಮಾತುಕತೆಯನ್ನು ಅಕ್ಷರಕ್ಕೆ ಇಳಿಸಿಕೊಳ್ಳಿ. ಈಗ ಕನ್ನಡಕ್ಕೂ ಯಂತ್ರದ ನೆರವು ಸಿಗುತ್ತದೆ, ಆದರೆ ಬೀದಿ ಹೆಸರು, ಮನುಷ್ಯರ ಹೆಸರು, ಆಡುಮಾತು ಬಂದಲ್ಲಿ ಅದು ಎಡವುತ್ತದೆ. ಕೇಳುತ್ತಾ ತಿದ್ದಲೇಬೇಕು. ಪ್ರಕಟಿಸುವ ಬರಹದಲ್ಲಿ 'ಅದೇನಪ್ಪಾ ಅಂದ್ರೆ', 'ಆ್ಯಕ್ಚುಲಿ' ತೆಗೆಯಬಹುದು. ಆದರೆ ವ್ಯಾಪಾರಿಯ ಮಾತನ್ನು ಪಠ್ಯಪುಸ್ತಕದ ಕನ್ನಡ ಮಾಡಬೇಡಿ. ಅಧಿಕಾರಿಯ ಮಾತನ್ನು ಮಾತ್ರ ತಿದ್ದಿ, ಅಂಗಡಿಯವರದ್ದನ್ನು ಹಾಗೇ ಬಿಟ್ಟರೆ ಅದೂ ಒಂದು ಥರದ ತಾರತಮ್ಯ. ಇಬ್ಬರಿಗೂ ಒಂದೇ ಅಳತೆ ಇರಲಿ.

ಬರಹವನ್ನು ಜನನ-ವಿದ್ಯಾಭ್ಯಾಸದಿಂದ ಶುರು ಮಾಡಬೇಡಿ. ನಿರ್ಧಾರ ಆದ ಜಾಗದಿಂದ ಶುರು ಮಾಡಿ. 1935ರಲ್ಲಿ ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ 30 ವ್ಯಾಟ್‌ನ ಟ್ರಾನ್ಸ್‌ಮಿಟರ್ ಇಟ್ಟು ರೇಡಿಯೊ ಶುರು ಮಾಡಿದರು. 'ಆಕಾಶವಾಣಿ' ಅನ್ನುವ ಹೆಸರು ಅಲ್ಲಿಂದಲೇ ಇಡೀ ದೇಶಕ್ಕೆ ಹೋಯಿತು. ಅವರ ಬಗ್ಗೆ ಬರೆಯುವುದಾದರೆ ನಾನು ಆ ಮನೆಯಿಂದಲೇ ಮೊದಲು ಮಾಡುತ್ತೇನೆ. ಪದವಿಗಳ ಪಟ್ಟಿ ನಾಲ್ಕನೇ ಪ್ಯಾರಾಕ್ಕೆ ಕಾಯಬಹುದು.

ಪ್ರಕಟಣೆಗೆ ಮುಂಚೆ 'ಒಂದ್ಸಲ ತೋರಿಸಿ' ಅಂತ ಬಹಳ ಜನ ಕೇಳುತ್ತಾರೆ. ಅವರು ಹೇಳಿದ ಅಂಕಿ, ಹೆಸರು, ತಾಂತ್ರಿಕ ವಿವರ ಇರುವ ಸಾಲುಗಳನ್ನು ಓದಿ ಹೇಳಿ, ತಪ್ಪಿದ್ದರೆ ತಿದ್ದಿ. ಇಡೀ ಬರಹವನ್ನು ಕಳಿಸುವ ಅಗತ್ಯ ಇಲ್ಲ. ಈ ಮಾತನ್ನು ಭೇಟಿಯ ಮೊದಲ ದಿನವೇ ಹೇಳಿಬಿಟ್ಟಿದ್ದರೆ ಆಮೇಲೆ ಮನಸ್ತಾಪ ಬರುವುದಿಲ್ಲ.

ಅಚ್ಚಾದ ಮೇಲೆ ಮಾತಾಡಿದ ಪ್ರತಿಯೊಬ್ಬರಿಗೂ ಒಂದು ಪ್ರತಿ ತಲುಪಿಸಿ. ಆಯುಕ್ತರಿಗೆ ಕೊಂಡಿ ಕಳಿಸಿದರೆ ಸಾಕು. ವಾಲ್ವ್‌ಮ್ಯಾನ್‌ಗೆ, ಹೂವಿನ ಅಂಗಡಿಯ ಅಮ್ಮನಿಗೆ ಕಾಗದದ ಮೇಲೆ ಮುದ್ರಿಸಿ ಕೈಯಲ್ಲೇ ಕೊಡಿ. ಪೂರ್ತಿ ಧ್ವನಿ ಮುದ್ರಣವನ್ನು, ಅವರ ಒಪ್ಪಿಗೆ ಇದ್ದರೆ, ಊರಿನ ಯಾವುದಾದರೂ ಕಾಲೇಜಿನ ಇತಿಹಾಸ ವಿಭಾಗಕ್ಕೋ ಗ್ರಂಥಾಲಯಕ್ಕೋ ಒಪ್ಪಿಸಿ. ಜೊತೆಗೆ ಯಾರು, ಯಾವಾಗ, ಎಲ್ಲಿ, ಯಾವ ವಿಷಯ ಅಂತ ಒಂದು ಹಾಳೆ ಇರಲಿ. ಆ ಹಾಳೆ ಇಲ್ಲದ ಧ್ವನಿ ಕಡತ ಐದು ವರ್ಷ ಆದ ಮೇಲೆ ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ.